ಕಣದಿಂದ ಘಾಟಿಗೆ: ಕೊಡಗಿನಲ್ಲಿ ಗೇರ್ ಕಾರು ಕಲಿಯುವ ಕ್ರಮ

ಕುಶಾಲನಗರದಲ್ಲಿ ಕಾರು ಕಲಿತವರಿಗೆ ಮಡಿಕೇರಿಗೆ ಬಂದ ಕೂಡಲೇ ಕಾಲು ನಡುಗುತ್ತದೆ. ಇದಕ್ಕೆ ಕಾರಣ ಧೈರ್ಯ ಸಾಲದ್ದಲ್ಲ. ಮಟ್ಟಸ ರಸ್ತೆಯಲ್ಲಿ ಕ್ಲಚ್ ಹೇಗೆ ಬಿಟ್ಟರೂ ಗಾಡಿ ಒಂದು ಜರ್ಕ್ ಹೊಡೆದು ಮುಂದೆ ಹೋಗಿಬಿಡುತ್ತದೆ, ತಪ್ಪು ಗೊತ್ತೇ ಆಗುವುದಿಲ್ಲ. ಏರಿನಲ್ಲಿ ಅದೇ ತಪ್ಪಿಗೆ ಗಾಡಿ ಆಫ್ ಆಗುತ್ತದೆ, ಹಿಂದಕ್ಕೆ ಜಾರುತ್ತದೆ, ಹಿಂದಿನ ಜೀಪಿನವನು ಹಾರ್ನ್ ಬಾರಿಸುತ್ತಾನೆ. ಹಾಗಾಗಿ ಇಲ್ಲಿ ಕಲಿಯುವವರು ಮೊದಲು ಪಳಗಿಸಬೇಕಾದದ್ದು ಎಡಗಾಲನ್ನು. ಸ್ಟೇರಿಂಗ್ ಆಮೇಲೆ ತಾನಾಗಿ ಬರುತ್ತದೆ.

ಮೊದಲು ಕಾಗದದ ಕೆಲಸ. 18 ವರ್ಷ ತುಂಬಿದವರು ಸರ್ಕಾರದ ಸಾರಥಿ ಪೋರ್ಟಲ್‌ನಲ್ಲಿ ಎಲ್‌ಎಲ್‌ಗೆ, ಅಂದರೆ ಕಲಿಯುವವರ ಲೈಸೆನ್ಸಿಗೆ, ಅರ್ಜಿ ಹಾಕಬಹುದು. ಅದರ ಅವಧಿ 6 ತಿಂಗಳು. ಎಲ್‌ಎಲ್ ಸಿಕ್ಕಿ 30 ದಿನ ಕಳೆದ ಮೇಲಷ್ಟೇ ಡಿಎಲ್ (ಪಕ್ಕಾ ಲೈಸೆನ್ಸ್) ಪರೀಕ್ಷೆಗೆ ಹೋಗಬಹುದು. ಅಲ್ಲಿಯವರೆಗೆ ಪಕ್ಕದ ಸೀಟಿನಲ್ಲಿ ಲೈಸೆನ್ಸ್ ಇರುವ ಒಬ್ಬರು ಕೂತಿರಲೇಬೇಕು. ಗಾಡಿಯ ಹಿಂದೆ ಮುಂದೆ ಬಿಳಿ ಹಲಗೆಯ ಮೇಲೆ ಕೆಂಪು 'ಎಲ್' ಇರಬೇಕು. ಹಲಗೆ 18 ಸೆಂಟಿಮೀಟರ್ ಚೌಕದ್ದು. ತೋಟದೊಳಗಿನ ಖಾಸಗಿ ರಸ್ತೆಯಲ್ಲಿ ಯಾರು ಕೇಳುತ್ತಾರೆ ಅನ್ನಿಸಬಹುದು. ಆದರೆ ಆ ರಸ್ತೆಯಲ್ಲೇ ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆಯ) ಮಕ್ಕಳು ಓಡಾಡುತ್ತಿರುತ್ತಾರೆ, ಪಕ್ಕದಲ್ಲಿ ತಿಳಿದವರಿಲ್ಲದೆ ಗಾಡಿ ತೆಗೆಯಬೇಡಿ.

ಕಲಿಯುವ ಜಾಗ, ಕಲಿಯುವ ಕಾಲ

ಕೊಡಗಿನಲ್ಲಿ ಮಟ್ಟಸ ಜಾಗ ಸಿಗುವುದೇ ಕಷ್ಟ. ಸಿಕ್ಕಿದರೆ ಎಲ್ಲಕ್ಕಿಂತ ಒಳ್ಳೆಯದು ಕಾಫಿ ಕಣ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಅಲ್ಲಿ ಕಾಫಿ ಒಣಗುತ್ತಿರುತ್ತದೆ, ಹತ್ತಿರ ಹೋಗುವಂತಿಲ್ಲ. ಏಪ್ರಿಲ್‌ನಲ್ಲಿ ಕಣ ಖಾಲಿಯಾಗುತ್ತದೆ, ಮಳೆ ಹಿಡಿಯುವುದಕ್ಕೆ ಇನ್ನೂ ಒಂದೂವರೆ ತಿಂಗಳಾದರೂ ಇರುತ್ತದೆ. ಕಲಿಯಲು ಅದೇ ಕಾಲ. ಜುಲೈನಲ್ಲಿ ಶುರು ಮಾಡಿದರೆ ಕ್ಲಚ್, ಮಳೆ, ಮಂಜು, ಪಾಚಿ ಎಲ್ಲವನ್ನೂ ಒಟ್ಟಿಗೆ ಕಲಿಯಬೇಕಾಗುತ್ತದೆ. ಕಣದ ಯಜಮಾನರನ್ನು ಕೇಳಿಯೇ ಗಾಡಿ ಇಳಿಸಿ. ಸಗಣಿ ಸಾರಿಸಿದ ಮಣ್ಣಿನ ಕಣವಾದರೆ ಬೇಡವೇ ಬೇಡ, ಟೈರು ಒಂದೇ ದಿನದಲ್ಲಿ ಅದನ್ನು ಕಿತ್ತು ಹಾಕುತ್ತದೆ.

ಸೀಟನ್ನು ಮೊದಲೇ ಹೊಂದಿಸಿಕೊಳ್ಳಿ. ಕ್ಲಚ್ಚನ್ನು ಪೂರ್ತಿ ಒತ್ತಿ ಹಿಡಿದಾಗಲೂ ಎಡ ಮೊಣಕಾಲು ಸ್ವಲ್ಪ ಬಗ್ಗಿರಬೇಕು. ಕಾಲು ನೆಟ್ಟಗಾದರೆ ಸೀಟು ದೂರವಾಯಿತು, ಕ್ಲಚ್ ಪೂರ್ತಿ ಒತ್ತಲಾಗದೆ ಗೇರ್ 'ಕರ್ರ್' ಎನ್ನುತ್ತದೆ. ಹಿಮ್ಮಡಿ ನೆಲದ ಮೇಲಿರಲಿ, ಪೆಡಲ್ ಮೇಲೆ ಪಾದದ ಮುಂಭಾಗ ಮಾತ್ರ. ಗಾಡಿಯ ಮುಂದಿನ ಎಡ ಮೂಲೆ ಕಾಣುವಷ್ಟು ಎತ್ತರ ಬೇಕು. ಗಿಡ್ಡಗಿರುವವರು ಸಂಕೋಚಪಡದೆ ಗಟ್ಟಿ ದಿಂಬು ಹಾಕಿಕೊಳ್ಳಿ. ಇಲ್ಲಿನ ಚರಂಡಿಗಳೆಲ್ಲ ಆ ಎಡ ಮೂಲೆಯಲ್ಲೇ ಕಾದಿರುತ್ತವೆ.

ಕ್ಲಚ್ ಒಳಗೆ ಏನಾಗುತ್ತದೆ

ಇದನ್ನು ಒಮ್ಮೆ ಅರ್ಥ ಮಾಡಿಕೊಂಡರೆ ಅರ್ಧ ಪಾಠ ಮುಗಿದಂತೆ. ಎಂಜಿನ್ ಕೊನೆಯಲ್ಲಿ ಫ್ಲೈವೀಲ್ ಎಂಬ ಭಾರದ ಕಬ್ಬಿಣದ ಚಕ್ರ ಸದಾ ತಿರುಗುತ್ತಿರುತ್ತದೆ. ಗೇರ್ ಬಾಕ್ಸ್ ಕಡೆಯಿಂದ ಬರುವ ಕ್ಲಚ್ ಪ್ಲೇಟನ್ನು ಒಂದು ಸ್ಪ್ರಿಂಗ್ ಆ ಚಕ್ರಕ್ಕೆ ಅದುಮಿ ಹಿಡಿದಿರುತ್ತದೆ. ನೀವು ಪೆಡಲ್ ಒತ್ತಿದಾಗ ಆ ಹಿಡಿತ ಸಡಿಲವಾಗಿ ಎಂಜಿನ್‌ಗೂ ಚಕ್ರಗಳಿಗೂ ಸಂಬಂಧ ಕಡಿಯುತ್ತದೆ. ಬಿಡುತ್ತಾ ಬಂದಂತೆ ಪ್ಲೇಟ್ ಮೊದಲು ಉಜ್ಜಿಕೊಂಡು, ಆಮೇಲೆ ಅಂಟಿಕೊಂಡು ತಿರುಗುತ್ತದೆ. ಹೀಗೆ ಉಜ್ಜಿಕೊಳ್ಳುವ ಹಂತಕ್ಕೇ ಹಾಫ್ ಕ್ಲಚ್ ಎನ್ನುವುದು.

ನಿಂತಿರುವ ಗಾಡಿಯ ಚಕ್ರದ ವೇಗ ಸೊನ್ನೆ, ಎಂಜಿನ್ ಮಾತ್ರ ನಿಮಿಷಕ್ಕೆ 700–900 ಸುತ್ತು ತಿರುಗುತ್ತಿರುತ್ತದೆ. ಕ್ಲಚ್ಚನ್ನು ಒಮ್ಮೆಲೇ ಬಿಟ್ಟರೆ ಎರಡೂ ತಕ್ಷಣ ಒಂದಾಗಬೇಕಾಗುತ್ತದೆ. ಗಾಡಿಯ ಭಾರವನ್ನು ಎಳೆಯಲಾರದೆ ಎಂಜಿನ್ ನಿಂತುಬಿಡುತ್ತದೆ, ಗಾಡಿ ಆಫ್ ಆಯಿತು ಎನ್ನುವುದು ಇದನ್ನೇ. ಇಷ್ಟಕ್ಕೆ ಗಾಡಿ ಕೆಡುವುದಿಲ್ಲ, ಹೆದರಬೇಡಿ. ಗಾಡಿಯನ್ನು ಕೆಡಿಸುವುದು ಇದಕ್ಕೆ ಉಲ್ಟಾ ಅಭ್ಯಾಸ: ಆಕ್ಸಿಲರೇಟರ್ ಒತ್ತಿಕೊಂಡು ಬಹಳ ಹೊತ್ತು ಹಾಫ್ ಕ್ಲಚ್‌ನಲ್ಲೇ ಹಿಡಿಯುವುದು. ಪ್ಲೇಟ್ ಉಜ್ಜಿ ಉಜ್ಜಿ ಕಾಯುತ್ತದೆ, ಸುಟ್ಟ ವಾಸನೆ ಬರುತ್ತದೆ. ಕಡೆಗೆ ಎಂಜಿನ್ ಕೂಗಿದರೂ ಗಾಡಿ ಏರುವುದಿಲ್ಲ.

ಮೊದಲ ನಾಲ್ಕು ದಿನ: ಬಲಗಾಲಿಗೆ ರಜೆ

ಎಂಜಿನ್ ಆಫ್ ಇರುವಾಗಲೇ ಕ್ಲಚ್ ಒತ್ತಿ, ಗೇರ್ ಹಾಕಿ, ಬಿಡಿ. ಗೇರ್ ಕೋಲನ್ನು ನೋಡದೆ 1ರಿಂದ 5ರವರೆಗೆ ಹೋಗಿ ಬರಲು ಬರಬೇಕು. ರಿವರ್ಸ್ ಎಲ್ಲ ಗಾಡಿಯಲ್ಲೂ ಒಂದೇ ಕಡೆ ಇರುವುದಿಲ್ಲ. ಆಲ್ಟೋ 800ರಲ್ಲಿ ಅದು 5ನೇ ಗೇರಿನ ಕೆಳಗೆ. ಕೆಲವು ಗಾಡಿಗಳಲ್ಲಿ ಕೋಲಿನ ರಿಂಗ್ ಮೇಲೆತ್ತಿ ಎಡಕ್ಕೆ ತಳ್ಳಬೇಕು. ಗುಂಡಿಯ ಮೇಲಿನ ಚಿತ್ರ ನೋಡಿಕೊಳ್ಳಿ.

ಆಮೇಲೆ ಕಣದಲ್ಲಿ ಎಂಜಿನ್ ಸ್ಟಾರ್ಟ್ ಮಾಡಿ, ಕ್ಲಚ್ ಪೂರ್ತಿ ಒತ್ತಿ 1ನೇ ಗೇರ್ ಹಾಕಿ. ಹ್ಯಾಂಡ್ ಬ್ರೇಕ್ ಇಳಿಸಿ. ಆಕ್ಸಿಲರೇಟರ್ ಮುಟ್ಟಲೇಬೇಡಿ. ಕ್ಲಚ್ಚನ್ನು ನಿಧಾನಕ್ಕೆ, ಕಾಗದದ ದಪ್ಪದಷ್ಟು ಎತ್ತುತ್ತಾ ಬನ್ನಿ. ಒಂದು ಕಡೆ ಎಂಜಿನ್ ಸದ್ದು ಸ್ವಲ್ಪ ಕುಗ್ಗುತ್ತದೆ, ಗಾಡಿಯ ಮೂತಿ ಸಣ್ಣಗೆ ಅದುರುತ್ತದೆ. ಕಾಲನ್ನು ಅಲ್ಲೇ ನಿಲ್ಲಿಸಿ, ಎರಡು ಸೆಕೆಂಡ್ ತಡೆಯಿರಿ. ಗಾಡಿ ತಾನಾಗಿ ಉರುಳತೊಡಗುತ್ತದೆ. ಉರುಳಿದ ಮೇಲೆ ಉಳಿದದ್ದನ್ನು ಬಿಡಿ. ಡೀಸೆಲ್ ಗಾಡಿಯಲ್ಲಿ ಇದು ಇನ್ನೂ ಸುಲಭ, ಕಡಿಮೆ ಸುತ್ತಿನಲ್ಲೇ ಅದಕ್ಕೆ ಎಳೆಯುವ ಶಕ್ತಿ ಇರುತ್ತದೆ.

ಇದನ್ನು ಒಂದು ಹೊತ್ತಿಗೆ 20 ಸಲವಾದರೂ ಮಾಡಿ. ಬೇಜಾರಾಗುತ್ತದೆ, ನಿಜ. ಪಕ್ಕದಲ್ಲಿ ಕೂತ ಅಣ್ಣನೋ ಮಾವನೋ 'ಆಕ್ಸಿಲರೇಟರ್ ಕೊಡು, ಕೊಡು' ಎಂದು ಗದರಬಹುದು. ಕೇಳಬೇಡಿ. ಮೊದಲ ದಿನವೇ ಆಕ್ಸಿಲರೇಟರ್ ಕೊಟ್ಟು ಕಲಿತವರಿಗೆ ಕ್ಲಚ್ ಎಲ್ಲಿ ಹಿಡಿಯುತ್ತದೆ ಎಂಬುದು ಕೊನೆಯವರೆಗೂ ಕಾಲಿಗೆ ಗೊತ್ತಾಗುವುದಿಲ್ಲ.

ನಿಲ್ಲಿಸುವುದನ್ನೂ ಇಲ್ಲೇ ಕಲಿಯಿರಿ. ಮೊದಲು ಬ್ರೇಕ್, ಗಾಡಿ ನಿಲ್ಲುವ ಹೊತ್ತಿಗೆ ಕ್ಲಚ್. ಹೊಸಬರು ಗಾಬರಿಯಲ್ಲಿ ಕ್ಲಚ್ ಮೊದಲು ಒತ್ತುತ್ತಾರೆ. ಕಣದಲ್ಲಿ ಇದರಿಂದ ನಷ್ಟವೇನಿಲ್ಲ. ಇಳಿಜಾರಿನಲ್ಲಿ ಕ್ಲಚ್ ಒತ್ತಿದ ಕ್ಷಣ ಎಂಜಿನ್ ಹಿಡಿತ ತಪ್ಪಿ ಗಾಡಿ ಇನ್ನೂ ಓಡುತ್ತದೆ. ಕಣದಲ್ಲಿ ಕಲಿತ ಕೆಟ್ಟ ಅಭ್ಯಾಸವೇ ಘಾಟಿಯಲ್ಲೂ ಕೈಗೆ ಬರುವುದು.

ಗೇರ್ ಏರಿಸುವುದು, ಇಳಿಸುವುದು

ಅಂದಾಜು ಲೆಕ್ಕ ಹೀಗೆ: 1ನೇ ಗೇರ್ ಹೊರಡಲು ಮಾತ್ರ, 10–15 ಕಿ.ಮೀ. ವೇಗಕ್ಕೆ 2, 30ರ ಹತ್ತಿರ 3, 45ಕ್ಕೆ 4, 60 ದಾಟಿದ ಮೇಲೆ 5. ಮಟ್ಟಸ ರಸ್ತೆಯಲ್ಲಿ ಪೆಟ್ರೋಲ್ ಗಾಡಿಯನ್ನು 2,000–2,500 ಸುತ್ತಿಗೆ ಬದಲಿಸಬಹುದು. ಏರಿನಲ್ಲಿ ಅಷ್ಟು ಬೇಗ ಬದಲಿಸಬೇಡಿ. ಕ್ಲಚ್ ಒತ್ತಿ ಗೇರ್ ಬದಲಿಸುವ ಆ ಒಂದು ಸೆಕೆಂಡಿನಲ್ಲೇ ಏರು ನಿಮ್ಮ ವೇಗವನ್ನು ತಿಂದುಬಿಡುತ್ತದೆ, ಮೇಲಿನ ಗೇರಿಗೆ ಹೋದ ಗಾಡಿ ಗೊರಗೊರ ಎನ್ನುತ್ತದೆ. ಅಂಥ ಕಡೆ 3,000ದವರೆಗೆ ಎಳೆದು ಆಮೇಲೆ ಬದಲಿಸಿ.

ಆಕ್ಸಿಲರೇಟರ್ ಒತ್ತಿದರೂ ಗಾಡಿ ನಡುಗುತ್ತಾ ವೇಗ ಕಳೆದುಕೊಳ್ಳುತ್ತಿದ್ದರೆ ಒಂದು ಗೇರ್ ಕೆಳಗೆ ಬನ್ನಿ. ಇನ್ನಷ್ಟು ಒತ್ತುವುದರಿಂದ ಪ್ರಯೋಜನವಿಲ್ಲ. ಮಡಿಕೇರಿಯ ಜನರಲ್ ತಿಮ್ಮಯ್ಯ ವೃತ್ತದ ಸುತ್ತಮುತ್ತಲಿನ ಏರುಗಳಲ್ಲಿ 3ನೇ ಗೇರಿನಲ್ಲೇ ಹಟ ಹಿಡಿದು ಕೂತು, ಕಡೆಗೆ ನಡುರಸ್ತೆಯಲ್ಲಿ ಆಫ್ ಮಾಡಿಕೊಳ್ಳುವವರು ಬಹಳ.

ಗೇರ್ ಬೀಳದಿದ್ದರೆ ಜೋರು ಮಾಡಬೇಡಿ. ನ್ಯೂಟ್ರಲ್‌ಗೆ ತಂದು, ಕ್ಲಚ್ ಒಮ್ಮೆ ಬಿಟ್ಟು ಮತ್ತೆ ಒತ್ತಿ ಹಾಕಿ. ರಿವರ್ಸ್ ಹಾಕುವ ಮುಂಚೆ ಗಾಡಿ ಪೂರ್ತಿ ನಿಂತಿರಬೇಕು, ಕ್ಲಚ್ ಒತ್ತಿ ಎರಡು ಸೆಕೆಂಡ್ ಕಾದಿರಬೇಕು. ಮುಂದಕ್ಕೆ ಹೋಗುವ ಗೇರುಗಳಲ್ಲಿರುವ, ವೇಗ ಹೊಂದಿಸುವ ಉಪಕರಣ ಬಹಳ ಗಾಡಿಗಳಲ್ಲಿ ರಿವರ್ಸ್‌ಗೆ ಇರುವುದಿಲ್ಲ, ಆ 'ಕರ್ರ್' ಬರುವುದು ಅದಕ್ಕೇ. ಓಡುವಾಗ ಎಡಗಾಲು ಕ್ಲಚ್ ಮೇಲೆ ವಿಶ್ರಾಂತಿ ಪಡೆಯುವುದೂ ಬೇಡ, ಆ ಸ್ವಲ್ಪ ಭಾರಕ್ಕೇ ಪ್ಲೇಟ್ ಸವೆಯುತ್ತದೆ.

ಏರಿನಲ್ಲಿ ನಿಂತು ಹೊರಡುವುದು

ಕೊಡಗಿನ ನಿಜವಾದ ಪರೀಕ್ಷೆ ಇದು. ಅಭ್ಯಾಸಕ್ಕೆ ಹಿಂದೆ ಖಾಲಿ ಜಾಗ ಇರುವ ಸಣ್ಣ ಏರು ಹುಡುಕಿ. ತೋಟದ ಗೇಟಿನಿಂದ ಮನೆಗೆ ಹೋಗುವ ದಾರಿ ಸಾಮಾನ್ಯವಾಗಿ ಹೀಗೇ ಇರುತ್ತದೆ.

1. ಬ್ರೇಕ್ ಒತ್ತಿ ನಿಂತು, ಹ್ಯಾಂಡ್ ಬ್ರೇಕನ್ನು ಗಟ್ಟಿಯಾಗಿ ಎಳೆಯಿರಿ. ಗುಂಡಿಯ ಮೇಲೆ ಹೆಬ್ಬೆರಳು ಇರಲಿ.
2. ಕ್ಲಚ್ ಒತ್ತಿ 1ನೇ ಗೇರ್.
3. ಬಲಗಾಲನ್ನು ಆಕ್ಸಿಲರೇಟರ್‌ಗೆ ತಂದು 1,500–2,000 ಸುತ್ತಿನವರೆಗೆ ಕೊಡಿ, ಅಲ್ಲೇ ಹಿಡಿಯಿರಿ. ಸುತ್ತು ತೋರಿಸುವ ಮೀಟರ್ ಇಲ್ಲದ ಗಾಡಿಯಾದರೆ ಎಂಜಿನ್ ಸ್ವಲ್ಪ ಗುಂಯ್‌ಗುಡುವಷ್ಟು.
4. ಕ್ಲಚ್ಚನ್ನು ನಿಧಾನಕ್ಕೆ ಬಿಡಿ. ಸದ್ದು ಕುಗ್ಗಿ ಗಾಡಿಯ ಮೂತಿ ಮೇಲೇಳುತ್ತದೆ, ಹಿಂಭಾಗ ಕೂರುತ್ತದೆ. ಎಡಗಾಲು ಅಲ್ಲೇ ನಿಲ್ಲಲಿ.
5. ಈಗ ಹ್ಯಾಂಡ್ ಬ್ರೇಕ್ ಇಳಿಸಿ. ಗಾಡಿ ಹಿಂದಕ್ಕೂ ಹೋಗದೆ ಮುಂದಕ್ಕೆ ಹೊರಟರೆ ಸರಿಯಾಯಿತು.

ಹಿಂದಕ್ಕೆ ಜಾರಿದರೆ ಹ್ಯಾಂಡ್ ಬ್ರೇಕ್ ಬೇಗ ಇಳಿಸಿದ್ದೀರಿ. ಆಫ್ ಆದರೆ ಕ್ಲಚ್ ಬೇಗ ಬಿಟ್ಟಿದ್ದೀರಿ, ಇಲ್ಲವೇ ಆಕ್ಸಿಲರೇಟರ್ ಸಾಲದು. ಎಂಜಿನ್ ಕೂಗಿ ವಾಸನೆ ಬಂದರೆ ಆಕ್ಸಿಲರೇಟರ್ ಜಾಸ್ತಿ, ಕ್ಲಚ್ ತಡ. ವಾಸನೆ ಬಂದ ದಿನ ಅಭ್ಯಾಸ ನಿಲ್ಲಿಸಿ ಅರ್ಧ ಗಂಟೆ ಗಾಡಿ ಆರಲು ಬಿಡಿ.

ಹ್ಯಾಂಡ್ ಬ್ರೇಕ್ ಇಲ್ಲದೆ, ಬ್ರೇಕಿನಿಂದ ಆಕ್ಸಿಲರೇಟರ್‌ಗೆ ಕಾಲು ಹಾರಿಸಿ ಹೊರಡುವುದು ಪಳಗಿದವರ ಕೆಲಸ. ಮೊದಲ ಎರಡು ತಿಂಗಳು ಆ ಗತ್ತು ಬೇಡ. ಹೊಸ ಗಾಡಿಗಳಲ್ಲಿ ಹಿಲ್ ಹೋಲ್ಡ್ ಇರುತ್ತದೆ, ಬ್ರೇಕ್ ಬಿಟ್ಟ ಮೇಲೂ ಎರಡು ಮೂರು ಸೆಕೆಂಡ್ ಅದು ಗಾಡಿಯನ್ನು ಹಿಡಿದಿರುತ್ತದೆ. ಒಳ್ಳೆಯದೇ. ಆದರೂ ಅದಿಲ್ಲದ ಗಾಡಿಯಲ್ಲೇ ಕಲಿಯಿರಿ, ನಾಳೆ ತೋಟದ ಪಿಕಪ್ ಓಡಿಸಬೇಕಾಗಿ ಬಂದರೆ ಅದರಲ್ಲಿ ಇಂಥದ್ದೆಲ್ಲ ಇರುವುದಿಲ್ಲ.

ಏರಿನ ಮಧ್ಯೆ ಆಫ್ ಆದರೆ ಮೊದಲು ಬ್ರೇಕ್, ಕೂಡಲೇ ಹ್ಯಾಂಡ್ ಬ್ರೇಕ್. ಎಂಜಿನ್ ನಿಂತ ಮೇಲೆ ಬ್ರೇಕಿಗೆ ಬಲ ಕೊಡುವ ಬೂಸ್ಟರ್‌ನಲ್ಲಿ ಒಂದೆರಡು ಒತ್ತಿಗಷ್ಟೇ ಶಕ್ತಿ ಉಳಿದಿರುತ್ತದೆ, ಆಮೇಲೆ ಪೆಡಲ್ ಕಲ್ಲಿನಂತಾಗುತ್ತದೆ. ಹಾಗಾಗಿ ಒಮ್ಮೆ ಒತ್ತಿದ ಬ್ರೇಕನ್ನು ಬಿಟ್ಟು ಬಿಟ್ಟು ಒತ್ತಬೇಡಿ. ನ್ಯೂಟ್ರಲ್ ಮಾಡಿ, ಸ್ಟಾರ್ಟ್ ಮಾಡಿ, ಮೇಲಿನ ಐದು ಹೆಜ್ಜೆ ಮತ್ತೆ. ಹಿಂದಿನವರು ಎಷ್ಟು ಹಾರ್ನ್ ಹೊಡೆದರೂ ಅದು ಅವರ ಪಾಡು.

ಡಿಎಲ್ ಪರೀಕ್ಷೆಯಲ್ಲೂ ಇದು ಮುಖ್ಯ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 15ನೇ ನಿಯಮದಲ್ಲಿ, ಕಡಿದಾದ ಏರಿನಲ್ಲಿ ನಿಲ್ಲಿಸಿ ಹಿಂದಕ್ಕೆ ಜಾರದಂತೆ ಮತ್ತೆ ಹೊರಡುವುದು, ಇಳಿಜಾರಿನಲ್ಲಿ ಬೇಗನೆ ಕೆಳ ಗೇರಿಗೆ ಬರುವುದು ಎರಡನ್ನೂ ಅಭ್ಯರ್ಥಿ ಮಾಡಿ ತೋರಿಸಬೇಕೆಂದಿದೆ.

ಇಳಿಯುವಾಗ

ಏರುವಾಗ ತಪ್ಪಿದರೆ ಮಾನ ಹೋಗುತ್ತದೆ, ಇಳಿಯುವಾಗ ತಪ್ಪಿದರೆ ಹೋಗುವುದು ಬೇರೆ. ಮಡಿಕೇರಿಯಿಂದ ಸಂಪಾಜೆಗೆ, ಪೆರುಂಬಾಡಿಯಿಂದ ಮಾಕುಟ್ಟಕ್ಕೆ ಇಳಿಯುವ ದಾರಿಗಳಲ್ಲಿ ಬ್ರೇಕ್ ಒಂದನ್ನೇ ನಂಬಿ ಹೋಗಬಾರದು. ಹಳೆಯ ಚಾಲಕರ ಲೆಕ್ಕ ಇವತ್ತಿಗೂ ಸರಿ: ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಘಾಟಿಯ ತಿರುವುಗಳಿಗೆ 2, ತೆರೆದ ಇಳಿಜಾರಿಗೆ 3, ತೋಟದೊಳಗಿನ ಕಡಿದಾದ ಕಾಂಕ್ರೀಟ್ ದಾರಿಗೆ 1.

ಕೆಳ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ ತಾನೇ ಗಾಡಿಯನ್ನು ತಡೆದು ಹಿಡಿಯುತ್ತದೆ. ಸದ್ದು 3,000–3,500 ಸುತ್ತಿಗೆ ಏರಿದರೂ ಎಂಜಿನ್‌ಗೆ ಏನೂ ಆಗುವುದಿಲ್ಲ. ಗೇರ್ ಇಳಿಸುವುದನ್ನು ಮಾತ್ರ ಇಳಿಜಾರು ಶುರುವಾಗುವ ಮೊದಲೇ ಮಾಡಿ ಮುಗಿಸಿ. 60ರ ವೇಗದಲ್ಲಿ ಓಡುತ್ತಾ 2ಕ್ಕೆ ಹಾಕಿದರೆ ಎಂಜಿನ್ ಚೀರುತ್ತದೆ, ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರ ಜಾರಲೂಬಹುದು. ಮೊದಲು ಬ್ರೇಕಿನಿಂದ ವೇಗ ತಗ್ಗಿಸಿ, ಆಮೇಲೆ ಗೇರ್.

ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡಿ ಇಳಿಯುವ ಚಾಳಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ಉಳಿತಾಯವೂ ಅದರಲ್ಲಿಲ್ಲ. ಈಗಿನ ಇಂಜೆಕ್ಷನ್ ಎಂಜಿನ್‌ಗಳು ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಇಂಧನವನ್ನೇ ಕಡಿದುಬಿಡುತ್ತವೆ, ಚಕ್ರಗಳೇ ಎಂಜಿನನ್ನು ತಿರುಗಿಸುತ್ತವೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆರದಿರಲು ಇಂಧನ ಸುಡಲೇಬೇಕು. ಎಂಜಿನ್ನನ್ನೇ ಆಫ್ ಮಾಡಿ ಇಳಿದರೆ ಬ್ರೇಕಿನ ಬೂಸ್ಟರ್ ಹೋಯಿತು, ಪವರ್ ಸ್ಟೇರಿಂಗ್ ಹೋಯಿತು.

ಬ್ರೇಕ್ ಒತ್ತುವುದಾದರೆ ಎರಡು ಮೂರು ಸೆಕೆಂಡ್ ಗಟ್ಟಿಯಾಗಿ ಒತ್ತಿ, ವೇಗ ತಗ್ಗಿದ ಮೇಲೆ ಪೂರ್ತಿ ಬಿಡಿ. ಉದ್ದಕ್ಕೂ ಮೆಲ್ಲಗೆ ಒತ್ತಿಕೊಂಡೇ ಹೋದರೆ ಪ್ಯಾಡ್‌ಗಳಿಗೆ ಆರಲು ಸಮಯ ಸಿಗದೆ ಹಿಡಿತ ಕಡಿಮೆಯಾಗುತ್ತದೆ. ಆ ಶಾಖ ಬ್ರೇಕ್ ಆಯಿಲ್‌ಗೂ ಹತ್ತುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಡೆಯಬೇಕು. ನೀರಿನಂಶ ಹೀರಿಕೊಂಡ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ 230 ಮತ್ತು 155. ಕುದಿದ ಆಯಿಲ್‌ನಲ್ಲಿ ಆವಿಯ ಗುಳ್ಳೆ ಏಳುತ್ತದೆ, ಪೆಡಲ್ ಸ್ಪಂಜಿನಂತೆ ಕೆಳಗೆ ಹೋಗುತ್ತದೆ. ನಮ್ಮ ಜಡಿಮಳೆಯ ತೇವಕ್ಕೆ ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸುವುದು ದುಂದಲ್ಲ.

ಪೆಡಲ್ ಮೆತ್ತಗಾದಂತೆ ಅನ್ನಿಸಿದರೆ ಬೇಗಬೇಗ ಒತ್ತಿ ಬಿಟ್ಟು ಮಾಡಿ, ಒಂದೊಂದೇ ಗೇರ್ ಇಳಿಸಿ, ಹ್ಯಾಂಡ್ ಬ್ರೇಕನ್ನು ಗುಂಡಿ ಒತ್ತಿಹಿಡಿದೇ ಸ್ವಲ್ಪ ಸ್ವಲ್ಪ ಎಳೆಯಿರಿ. ಏನೂ ನಡೆಯದಿದ್ದರೆ ಗಾಡಿಯನ್ನು ಬರೆಯ (ರಸ್ತೆ ಪಕ್ಕದ ಮಣ್ಣಿನ ಗೋಡೆಯ) ಕಡೆಗೆ ಉಜ್ಜಿ ನಿಲ್ಲಿಸಿ, ಬಣ್ಣ ಹೋದರೆ ಮತ್ತೆ ಬಳಿಸಬಹುದು.

ತಿರುವು, ಇಕ್ಕಟ್ಟು, ಆನೆ

ಹೇರ್‌ಪಿನ್ ತಿರುವಿಗೆ ಮುಂಚೆಯೇ ಗೇರ್ ಇಳಿಸಿ, ಹಾರ್ನ್ ಹೊಡೆದು, ಎಡಕ್ಕೇ ಅಂಟಿಕೊಂಡು ತಿರುಗಿ. ತಿರುವಿನೊಳಗೆ ಕ್ಲಚ್ ಒತ್ತಬಾರದು. ಹಿಂದಿನ ಚಕ್ರಗಳು ಮುಂದಿನವುಗಳಿಗಿಂತ ಒಳಗಿನ ದಾರಿ ಹಿಡಿಯುತ್ತವೆ ಎಂಬುದು ನೆನಪಿರಲಿ. ಎಡ ತಿರುವಿನಲ್ಲಿ ಮುಂದಿನ ಚಕ್ರ ಚರಂಡಿ ತಪ್ಪಿಸಿದರೂ ಹಿಂದಿನದು ಬೀಳುವುದು ಇದರಿಂದಲೇ. ಮಳೆಗಾಲದಲ್ಲಿ ಹುಲ್ಲು ಬೆಳೆದು ಚರಂಡಿ ಎಲ್ಲಿದೆ ಎಂಬುದೇ ಕಾಣುವುದಿಲ್ಲ. ಹುಲ್ಲಿನ ಮೇಲೆ ಚಕ್ರ ಇಳಿಸುವ ಮುಂಚೆ ಇಳಿದು ನೋಡಿದರೆ ಅವಮಾನವೇನಿಲ್ಲ.

ಒಂದೇ ಗಾಡಿಯ ಅಗಲದ ದಾರಿಯಲ್ಲಿ ಏರುವ ಗಾಡಿಗೆ ಮೊದಲ ಹಕ್ಕು. ಇದು ಕಾನೂನೂ ಹೌದು, ವಿವೇಕವೂ ಹೌದು. ಇಳಿಯುತ್ತಿರುವವರು ಹಿಂದಕ್ಕೆ ತೆಗೆದರೆ ಗಾಡಿ ಏರಿನತ್ತ ಹೋಗುತ್ತದೆ, ಹಿಡಿತ ತಪ್ಪುವ ಭಯ ಕಡಿಮೆ. ಆದ್ದರಿಂದ ರಿವರ್ಸ್‌ನಲ್ಲಿ 50 ಮೀಟರ್ ನೆಟ್ಟಗೆ ಹೋಗುವುದನ್ನು ಚೆನ್ನಾಗಿ ಕಲಿಯಿರಿ. ಹಾಫ್ ಕ್ಲಚ್, ಸ್ವಲ್ಪವೇ ಆಕ್ಸಿಲರೇಟರ್, ಕಣ್ಣು ಹಿಂದಿನ ಗಾಜಿನ ಮೇಲೆ, ಸ್ಟೇರಿಂಗ್ ಒಂದೊಂದು ಇಂಚು. ತಿತಿಮತಿ–ಆನೆಚೌಕೂರು ರಸ್ತೆಯಲ್ಲೋ ಆನೆಕಾಡಿನಲ್ಲೋ ಎದುರಿಗೆ ಆನೆ ನಿಂತ ದಿನ ಈ ವಿದ್ಯೆಯ ಬೆಲೆ ಗೊತ್ತಾಗುತ್ತದೆ. ದೂರದಲ್ಲೇ ನಿಲ್ಲಿಸಿ, ಹಾರ್ನ್ ಬೇಡ, ಹೈ ಬೀಮ್ ಬೇಡ, ಎಂಜಿನ್ ಆಫ್ ಮಾಡಬೇಡಿ, ಮೆಲ್ಲಗೆ ಹಿಂದಕ್ಕೆ ತೆಗೆಯಿರಿ.

ಕಕ್ಕಡದ (ಜುಲೈ–ಆಗಸ್ಟ್) ಮಳೆಯಲ್ಲಿ

ಮಳೆಗೆ ಮುಂಚೆ ಟೈರ್ ನೋಡಿಸಿ. ಕಾನೂನಿನ ಪ್ರಕಾರ 1.6 ಮಿಲಿಮೀಟರ್ ಗೀರು ಉಳಿದಿದ್ದರೆ ಸಾಕು, ನಮ್ಮ ರಸ್ತೆಗಳಿಗೆ ಅದರ ಎರಡರಷ್ಟು ಇದ್ದರೆ ವಾಸಿ. ಪಾಚಿ ಹಿಡಿದ ಕಾಂಕ್ರೀಟ್, ಸಿಲ್ವರ್ ಓಕ್ ಎಲೆ ಉದುರಿದ ಡಾಂಬರು, ಎರಡೂ ಸೋಪಿನ ಹಾಗೆ. ಅಲ್ಲಿ ಆಕ್ಸಿಲರೇಟರ್ ಜೋರಾಗಿ ಕೊಟ್ಟರೆ ಚಕ್ರ ನಿಂತಲ್ಲೇ ಸುತ್ತುತ್ತದೆ. ಏರು ಕಡಿದಾಗಿಲ್ಲದಿದ್ದರೆ 2ನೇ ಗೇರಿನಲ್ಲಿ ಹಗುರವಾಗಿ ಹೊರಡಿ.

ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ, ಲೋ ಬೀಮ್ ಸಾಕು. ಗಾಜು ಒಳಗಿನಿಂದ ಮಸುಕಾದರೆ ಎಸಿ ಹಾಕಿ ಗಾಳಿಯನ್ನು ಗಾಜಿನತ್ತ ತಿರುಗಿಸಿ, ಬಟ್ಟೆಯಿಂದ ಒರೆಸುತ್ತಾ ಓಡಿಸಬೇಡಿ. ಕಿಟಕಿ ಒಂದಿಂಚು ತೆರೆದಿದ್ದರೆ ಎದುರಿನ ಹಾರ್ನ್ ಕೇಳುತ್ತದೆ. ಓಡುವಾಗ ನಾಲ್ಕೂ ಇಂಡಿಕೇಟರ್ ಮಿನುಗಿಸುವುದು ಬೇಡ, ನೀವು ಎತ್ತ ತಿರುಗುತ್ತೀರಿ ಎಂಬುದೇ ಹಿಂದಿನವರಿಗೆ ತಿಳಿಯದು. ನೀರು ದಾಟಿದ ಮೇಲೆ ನಿಧಾನವಾಗಿ ಹೋಗುತ್ತಾ ಬ್ರೇಕನ್ನು ಹಗುರವಾಗಿ ಒತ್ತಿ ಒಣಗಿಸಿಕೊಳ್ಳಿ.

ನಿಲ್ಲಿಸಿ ಹೋಗುವಾಗ

ಇಳಿಜಾರಿನಲ್ಲಿ ಹ್ಯಾಂಡ್ ಬ್ರೇಕ್ ಜೊತೆಗೆ ಗೇರ್ ಕೂಡ ಇರಲಿ: ಮೂತಿ ಮೇಲಕ್ಕಿದ್ದರೆ 1, ಕೆಳಕ್ಕಿದ್ದರೆ ರಿವರ್ಸ್. ಎಡಕ್ಕೆ ಬರೆ ಇದ್ದರೆ ಸ್ಟೇರಿಂಗನ್ನು ಬರೆಯ ಕಡೆಗೇ ತಿರುಗಿಸಿಡಿ, ಗಾಡಿ ಮುಂದಕ್ಕೆ ಜಾರಲಿ ಹಿಂದಕ್ಕೆ ಜಾರಲಿ, ಹೋಗಿ ಮಣ್ಣಿಗೇ ಒರಗುತ್ತದೆ. ಆದರೆ ಮಳೆಗಾಲದಲ್ಲಿ ಹಸಿ ಬರೆಯ ಬುಡದಲ್ಲಿ ರಾತ್ರಿಯಿಡೀ ಗಾಡಿ ಬಿಡಬೇಡಿ. ವಾರಗಟ್ಟಲೆ ಶೆಡ್ಡಿನಲ್ಲೇ ನಿಲ್ಲುವ ಗಾಡಿಗೆ ಹ್ಯಾಂಡ್ ಬ್ರೇಕ್ ಎಳೆದಿಟ್ಟರೆ ಹಿಂದಿನ ಡ್ರಮ್ಮು ತೇವಕ್ಕೆ ಹಿಡಿದುಕೊಳ್ಳುತ್ತದೆ. ಮಟ್ಟಸ ನೆಲವಾದರೆ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ.

ಏರಿನ ರಸ್ತೆಯಲ್ಲೂ ಕಲ್ಲು ಕೊಡುವುದು ಒಳ್ಳೆಯದೇ. ಹೊರಡುವಾಗ ಆ ಕಲ್ಲನ್ನು ಎತ್ತಿ ಚರಂಡಿಯ ಆಚೆಗೆ ಹಾಕಿ, ಮಂಜಿನಲ್ಲಿ ಬರುವ ಬೈಕಿನವನಿಗೆ ಅದು ಕಾಣುವುದಿಲ್ಲ.